ನೆರೆಮನೆಯ ಬಾವಿಯ ನೀರು

ಬೇಸಗೆಯಲ್ಲಿ ನಮ್ಮ ಬಾವಿ ಬತ್ತಿದರೆ ಕೊಡ ಹಿಡಿದು ನೆರೆಮನೆಯ ಬಾವಿಗೆ ಹೋಗುವುದು ವಾಡಿಕೆ. ನೆರೆಯವನು ಸ್ನೇಹಿತನಾದರೆ ಚಿಂತೆಯಿಲ್ಲ. ಆದರೆ ಅವನೂ ನಾವೂ ಒಂದೇ ಬೀದಿಯಲ್ಲಿ ಎದುರುಬದುರು ಹೋಟೆಲು ಇಟ್ಟವರಾಗಿ, ನಮ್ಮ ಕಾಫಿಯ ನೀರೆಲ್ಲ ಅವನ ಬಾವಿಯದೇ ಆದರೆ? ಯಂತ್ರಗಳ ನಕ್ಷೆ ರಚಿಸುವ ತಂತ್ರಾಂಶದ ವ್ಯಾಪಾರದಲ್ಲಿ ಇಂತಹ ಸಂಬಂಧ ಬಹುಕಾಲದಿಂದ ನಡೆದುಬಂದಿದೆ.

ಕನ್ನಡ ಪಂಡಿತನಿಗೆ ಈ ವಿಷಯವೇಕೆ ಎಂದು ತಾವು ಕೇಳಬಹುದು. ನನ್ನ ಹಳೆಯ ಶಿಷ್ಯನೊಬ್ಬ ಬೆಂಗಳೂರಿನಲ್ಲಿ ಬಿಡಿಭಾಗಗಳ ಸಣ್ಣ ಕಾರ್ಖಾನೆ ನಡೆಸುತ್ತಾನೆ. ಕಂಪ್ಯೂಟರನ್ನು ತೋರಿಸಿ, "ಮೇಷ್ಟ್ರೇ, ಹತ್ತು ವರ್ಷದ ನಕ್ಷೆಗಳು ಇದರಲ್ಲಿವೆ. ಇದೇ ನನ್ನ ಆಸ್ತಿ" ಎಂದ. ಆ ಆಸ್ತಿಯ ತಳಹದಿ ಯಾರದೆಂದು ತಿಳಿಯುವ ಕುತೂಹಲ ನನಗೆ ಆಗ ಹುಟ್ಟಿತು.

ಇಂತಹ ತಂತ್ರಾಂಶದ ಒಳಗೆ ಒಂದು ತಿರುಳುಂಟು. ಬಲ್ಲವರು ಅದನ್ನು ಕರ್ನೆಲ್ ಎನ್ನುತ್ತಾರೆ. ಘನವಸ್ತುವಿನ ಮುಖ, ಅಂಚು, ಮೂಲೆಗಳ ಲೆಕ್ಕವಿಡುವುದು, ಒಂದರಲ್ಲಿ ರಂಧ್ರ ಕೊರೆದರೆ ಉಳಿಯುವ ಆಕಾರವನ್ನು ಗಣಿಸುವುದು ಅದರ ಕೆಲಸ. ಪರದೆಯ ಮೇಲೆ ಕಾಣುವುದು ಹೊರಗಣ ಸಿಪ್ಪೆ ಮಾತ್ರ. ತಿರುಳನ್ನು ಬರೆದು ಪಳಗಿಸಲು ಅನೇಕ ವರ್ಷಗಳು ಬೇಕಾದುದರಿಂದ ಹಲವರು ಅದನ್ನು ಬಾಡಿಗೆಗೆ ಪಡೆಯುತ್ತಾರೆ.

ಹೆಸರಾದ ತಿರುಳುಗಳಲ್ಲಿ ಎರಡು ಇಂಗ್ಲೆಂಡಿನ ಕೇಂಬ್ರಿಜ್ಜಿನ ಒಂದೇ ಗರಡಿಯವು. ಇಯಾನ್ ಬ್ರೇಡ್, ಆಲನ್ ಗ್ರೇಯರ್, ಚಾರ್ಲ್ಸ್ ಲ್ಯಾಂಗ್ ಮೊದಲಾದವರು 1974ರಲ್ಲಿ ಸ್ಥಾಪಿಸಿದ ಶೇಪ್ ಡೇಟಾ ಸಂಸ್ಥೆಯಿಂದ ಮುಂದೆ ಪ್ಯಾರಾಸಾಲಿಡ್ ಬಂದಿತು. ಆ ಮೂವರೇ ಹೊರಬಂದು ಅಮೆರಿಕದ ಸ್ಪೇಷಿಯಲ್ ಸಂಸ್ಥೆಗಾಗಿ ಏಸಿಸ್ ಎಂಬುದನ್ನು ರಚಿಸಿದರು. ಅದು 1989ರಲ್ಲಿ ಹೊರಬಿದ್ದಿತು. ಬಾವಿಗಳು ಮೊದಲು ಯಾರ ಎದುರಾಳಿಯವೂ ಆಗಿರಲಿಲ್ಲ. ತೊಡಕು ಹುಟ್ಟಿದುದು ಅವು ಕೈಬದಲಾದಾಗ.

ಫ್ರಾನ್ಸಿನ ಡಸಾಲ್ಟ್ ಸಿಸ್ಟಮ್ಸ್ 2000ದಲ್ಲಿ ಏಸಿಸ್ ಅನ್ನು ಕೊಂಡಿತು. ಅದನ್ನೇ ಬಳಸುತ್ತಿದ್ದ ಅಮೆರಿಕದ ಆಟೊಡೆಸ್ಕ್, ತನ್ನ ಎದುರಾಳಿಯ ಹಂಗಿಗೆ ಬಿದ್ದಿತು. ಆದರೆ ಅದರ ಕರಾರಿನಲ್ಲಿ ಮೂಲ ಬರಹವನ್ನು ಬಳಸುವ ಹಕ್ಕಿತ್ತು. 2001ರಲ್ಲಿ ಅದು ಏಸಿಸ್‌ನ ಏಳನೆಯ ಆವೃತ್ತಿಯಿಂದ ಕವಲೊಡೆದು ಶೇಪ್‌ಮ್ಯಾನೇಜರ್ ಎಂಬ ಸ್ವಂತ ತಿರುಳನ್ನು ಕಟ್ಟತೊಡಗಿತು. ಮೂಲ ಬರಹವನ್ನು ಹೊರಗಿನ ಗುತ್ತಿಗೆದಾರರಿಗೆ ಕೊಡಬಹುದೇ ಎಂದು ವ್ಯಾಜ್ಯವೆದ್ದಿತು. 2003ರಲ್ಲಿ ತೀರ್ಪುಗಾರರು ಆಟೊಡೆಸ್ಕಿನ ಪರ ನಿಂತರು. ಸಂಸ್ಥೆಯನ್ನು ಉಳಿಸಿದುದು ಕರಾರಿನ ಮಾತುಗಳು. ಪದಗಳ ಬೆಲೆ ಕನ್ನಡ ಮೇಷ್ಟ್ರಿಗಷ್ಟೇ ಸೇರಿದ್ದಲ್ಲ ನೋಡಿ!

ಇದಕ್ಕೂ ಸೋಜಿಗದ ಸಂಗತಿ ಇನ್ನೊಂದಿದೆ. ಡಸಾಲ್ಟ್ 1997ರಲ್ಲಿ ಕೊಂಡ ಸಾಲಿಡ್‌ವರ್ಕ್ಸ್ ಪ್ಯಾರಾಸಾಲಿಡ್ ತಿರುಳಿನ ಮೇಲೆ ನಿಂತಿದೆ. ಆ ತಿರುಳು 2007ರಲ್ಲಿ ಜರ್ಮನಿಯ ಸೀಮೆನ್ಸ್ ಪಾಲಾಯಿತು. ಸ್ವಂತ ಬಾವಿಗಳಿದ್ದೂ ಡಸಾಲ್ಟ್ ತನ್ನ ಜನಪ್ರಿಯ ಸರಕಿಗೆ ಎದುರಾಳಿಯ ನೀರನ್ನೇ ತರುತ್ತಿದೆ. ಸೀಮೆನ್ಸ್ ಹಗ್ಗ ಕಿತ್ತುಕೊಳ್ಳುವುದಿಲ್ಲವೇಕೆ? ಬಾಡಿಗೆ ಒಳ್ಳೆಯ ಆದಾಯ. ಒಬ್ಬನಿಗೆ ನೀರು ನಿಲ್ಲಿಸಿದರೆ ಉಳಿದ ಗಿರಾಕಿಗಳೂ ಬೆದರಿ ಬೇರೆ ಬಾವಿ ತೋಡಿಯಾರು.

ಡಸಾಲ್ಟ್ ತಿರುಳನ್ನು ಬದಲಿಸಬಾರದೇ ಎಂದರೆ, ಕಷ್ಟ ಬಳಕೆದಾರನದು. ಒಂದು ತಿರುಳಿನಲ್ಲಿ ಕೂಡಿದ ಅಂಚು ಇನ್ನೊಂದರ ಲೆಕ್ಕದಲ್ಲಿ ಕೂದಲೆಳೆಯಷ್ಟು ಬಿರಿಯಬಹುದು. ಹಳೆಯ ನಕ್ಷೆ ಮುರಿಯಬಹುದು.

ನನ್ನ ಶಿಷ್ಯನಿಗೆ ಹೇಳಿದುದನ್ನೇ ತಮಗೂ ಹೇಳುತ್ತೇನೆ. ಮುಖ್ಯ ನಕ್ಷೆಗಳ ಒಂದೊಂದು ಪ್ರತಿಯನ್ನು ಸ್ಟೆಪ್ ಎಂಬ ಅಂತರರಾಷ್ಟ್ರೀಯ ಮಾದರಿಯಲ್ಲಿಯೂ ಇಡಿರಿ. ಅದರಲ್ಲಿ ಆಕಾರ ಉಳಿಯುತ್ತದೆ. ಅದನ್ನು ಕಟ್ಟಿದ ಕ್ರಮ ಸಾಮಾನ್ಯವಾಗಿ ಉಳಿಯದು. ಪೂರ್ತಿ ಬಾವಿಯಲ್ಲ, ತುಂಬಿದ ಒಂದು ಹಂಡೆ ಎನ್ನಿ. ನೆರೆಯ ಬಾವಿಯನ್ನು ನಂಬಿದವನ ಮನೆಯಲ್ಲಿ ಹಂಡೆಯಾದರೂ ತುಂಬಿರಬೇಕು.