ಬರ ಒಂದೇ, ಪ್ರಶ್ನೆಯೂ ಒಂದೇ ಆಗಲಿ



ನಮ್ಮ ಗಂಗಾಮೂಲದಲ್ಲಿ ಜನಿಸುವ ತುಂಗೆ, ಭದ್ರೆಯರು ಕೂಡಲಿಯಲ್ಲಿ ಒಂದಾಗಿ ಹರಪನಹಳ್ಳಿ, ಹಡಗಲಿ ತಾಲ್ಲೂಕುಗಳ ಅಂಚಿನಲ್ಲಿ ಹರಿಯುತ್ತಾರೆ. ನದಿ ಕಣ್ಣೆದುರಿಗಿದ್ದರೂ ಅಲ್ಲಿಯ ಎಷ್ಟೋ ಹೊಲಗಳಿಗೆ, ಆಚೆಯ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗಳ ಒಣಬೇಸಾಯಕ್ಕೆ ಮುಗಿಲೇ ಗತಿ.

2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿತು. ಮರುವರ್ಷ ಮೇ 7ರಂದು ಆ ಸೀಮೆಯಲ್ಲಿ ಲೋಕಸಭೆಗೆ ಮತದಾನ. ಮೆಕ್ಕೆಜೋಳ, ಶೇಂಗಾ ಬಿತ್ತಿ ಬೆಳೆ ಕಳೆದುಕೊಂಡವರಿಗೆ ಉಳಿದದ್ದು ಬೀಜ ಗೊಬ್ಬರದ ಸಾಲ. ಗುಳೆ ಹೋದವರು ಮತ ಹಾಕಲು ಊರಿಗೆ ಬರಬೇಕಾದರೆ ಕೂಲಿಯನ್ನೂ ಬಿಡಬೇಕು, ಬಸ್ಸಿನ ಖರ್ಚನ್ನೂ ಹೊರಬೇಕು.

ಐದೂ ತಾಲ್ಲೂಕುಗಳು ಇಂದು ವಿಜಯನಗರ ಜಿಲ್ಲೆಯವು. ಆದರೆ ಆ ಚುನಾವಣೆಯಲ್ಲಿ ಹರಪನಹಳ್ಳಿ ವಿಧಾನಸಭಾ ಕ್ಷೇತ್ರ ದಾವಣಗೆರೆಗೆ ಮತ ನೀಡಿತು. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಕ್ಷೇತ್ರಗಳು ಬಳ್ಳಾರಿಗೆ. ಬರ ಒಂದೇ, ಉತ್ತರಿಸಬೇಕಾದ ಸಂಸದರು ಇಬ್ಬರು. ಆದುದರಿಂದ ಪ್ರಶ್ನೆಯಾದರೂ ಒಂದಾಗಿರಲಿ: ಕೆರೆಯ ಹೂಳೆತ್ತಿ, ಹೊಲಕ್ಕೆ ಬದು ಹಾಕಿ, ಬಿದ್ದ ಮಳೆಯನ್ನು ಬಿದ್ದಲ್ಲೇ ಇಂಗಿಸುವ ಕೆಲಸವನ್ನು ಊರಿನವರ ಕೈಗೇ ಕೊಡುವಿರಾ? ನದಿಯ ಮೂಲದಲ್ಲಿ ಕಾಡು ಕಾಯುವ ನಾವೂ ಅವರೊಡನೆ ಇದನ್ನೇ ಕೇಳಬೇಕು.