ಹಳೆಯ ಕಾರು ಮತ್ತು ಮೂರು ಲೀಟರ್ ಕರಿ ಎಣ್ಣೆ

(ಬಳಗದ ಸಭೆಯಲ್ಲಿ ರಾಯಚೂರು ಜಿಲ್ಲೆಯ ಬಾಗಲವಾಡದ ನಿವೃತ್ತ ಶಿಕ್ಷಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಬಯಲುಸೀಮೆಯವನು. ಮಾನ್ವಿ ಸೀಮೆಯ ಬಾಗಲವಾಡ ನನ್ನ ಊರು. ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ನಮ್ಮ ನೆಲವನ್ನು ಹಿಂದಿನವರು ಎಡೆದೊರೆ ನಾಡೆಂದು ಕರೆದರು. ಪರಿಸರದ ಸಭೆಗೆ ಬಂದವನು ಕಾಡಿನ ಬಗ್ಗೆಯೋ ಕೆರೆಯ ಬಗ್ಗೆಯೋ ಮಾತನಾಡಬೇಕೆಂಬ ನಿರೀಕ್ಷೆ ಸಹಜ. ಆದರೆ ನಾನು ಹೇಳಬೇಕೆಂದಿರುವುದು ನನ್ನ ಹಳೆಯ ಕಾರಿನ ವಿಷಯ. ನಿಮ್ಮಲ್ಲಿ ಹಲವರ ಮನೆಯಂಗಳದಲ್ಲಿ ಹಳೆಯ ಜೀಪುಗಳು ನಿಂತಿರುವುದನ್ನು ಬರುವ ದಾರಿಯಲ್ಲಿ ಕಂಡೆ. ಆದ್ದರಿಂದ ಈ ಮಾತು ನಿಮಗೆ ತೀರ ಹೊರಗಿನದಾಗಲಾರದು.

ನನ್ನದು 1998ರ ಮಾರುತಿ 800. 2004ರಲ್ಲಿ ಎರಡನೆಯ ಕೈಯಿಂದ ಕೊಂಡೆ. ಮೂರು ಸಿಲಿಂಡರಿನ, 796 ಸಿಸಿ ಎಂಜಿನ್ನಿನ, ಕಾರ್ಬುರೇಟರ್ ಇರುವ ಬಂಡಿ. 1983ರ ಡಿಸೆಂಬರಿನಲ್ಲಿ ರಸ್ತೆಗೆ ಬಂದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಅದೇ ವರ್ಷದ ಮೇ ತಿಂಗಳಲ್ಲಿ ಅಂಬಾಸಿಡರ್ ಕಾರಿನ ಕಾರ್ಖಾನೆಯೂ ಬಾಗಿಲು ಮುಚ್ಚಿತು. ತಯಾರಿಕೆ ನಿಂತ ಕಾರನ್ನು ಇಟ್ಟುಕೊಂಡವನ ಪಾಡು, ಔಷಧಿ ತಯಾರಿಸುವುದನ್ನೇ ಬಿಟ್ಟ ಮೇಲೆ ಉಳಿದ ರೋಗಿಯ ಪಾಡಿನಂತೆ. ಬಿಡಿಭಾಗ ಬೇಕೆಂದರೆ ಅಂಗಡಿಯವರು ಮೊದಲು ಮುಖ ನೋಡುತ್ತಾರೆ, ಆಮೇಲೆ ಡೂಪ್ಲಿಕೇಟ್ ತೋರಿಸುತ್ತಾರೆ. ಆ ಡೂಪ್ಲಿಕೇಟ್ ಆರು ತಿಂಗಳಲ್ಲಿ ಕೈಕೊಡುತ್ತದೆ. ಮಳೆಗಾಲದಲ್ಲಿ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ. ಬೇಸಿಗೆಯಲ್ಲಿ ಧೂಳು ಕಾರ್ಬುರೇಟರಿನ ಜೆಟ್ಟಿನಲ್ಲಿ ಕೂರುತ್ತದೆ. ಭತ್ತದ ಕಾಲದಲ್ಲಿ ಇಲಿಗಳು ಬಾನೆಟ್ಟಿನೊಳಗೆ ಸೇರಿ ವೈರು ಕಡಿಯುತ್ತವೆ. ಚಳಿಗಾಲದ ಬೆಳಗಿನಲ್ಲಿ ಓಣಿಯ ಹುಡುಗರು ಕರೆಯದೆಯೇ ತಳ್ಳಲು ಬಂದು ನಿಲ್ಲುತ್ತಾರೆ.

ರೇಡಿಯೇಟರಿನದು ಬೇರೆಯೇ ಕಥೆ. ನಮ್ಮ ಬೋರ್‌ವೆಲ್ ನೀರು ಸವಳು. ಅದನ್ನೇ ವರ್ಷಗಟ್ಟಲೆ ರೇಡಿಯೇಟರಿಗೆ ಸುರಿದೆ. ಒಳಗಿನ ಸಣ್ಣ ಕೊಳವೆಗಳಲ್ಲಿ ಸುಣ್ಣ ಕಟ್ಟಿತು. ಹೋಸ್ ಪೈಪು ಬಿರುಕು ಬಿಟ್ಟಿದೆ, ಬದಲಿಸಬೇಕೆಂದು ಮಿಸ್ತ್ರಿ ಹೇಳಿದ್ದ. ಮುಂದಿನ ತಿಂಗಳು ನೋಡೋಣವೆಂದು ತಳ್ಳಿಹಾಕಿದೆ. ಮೇ ತಿಂಗಳ ಒಂದು ರಾತ್ರಿ ಪಕ್ಕದ ಮನೆಯ ಅಜ್ಜಿಗೆ ಉಬ್ಬಸ ಏರಿತು. ಅವರನ್ನು ಮಾನ್ವಿಗೆ ಒಯ್ಯುವಾಗ ನಡುದಾರಿಯಲ್ಲಿ ಆ ಪೈಪು ಒಡೆದು ಬಿಸಿನೀರೆಲ್ಲ ರಸ್ತೆಯ ಪಾಲಾಯಿತು. ಕತ್ತಲಲ್ಲಿ, ಆ ಧಗೆಯಲ್ಲಿ, ಅಜ್ಜಿಯ ಉಸಿರಿನ ಸದ್ದನ್ನು ಕೇಳುತ್ತ ನಿಂತ ಹೊತ್ತನ್ನು ನಾನು ಮರೆಯಲಾರೆ. ಹಿಂದಿನಿಂದ ಬಂದ ಟ್ರ್ಯಾಕ್ಟರಿನವರು ಕರೆದೊಯ್ದರು, ಅಜ್ಜಿ ಉಳಿದರು. ಮರುದಿನ ಮಗ ಹೇಳಿದ: "ಯಪ್ಪಾ, ಈ ಡಬ್ಬಿ ಮಾರಿಬಿಡ್ರಿ ಇನ್ನ." ತಪ್ಪು ಡಬ್ಬಿಯದಲ್ಲ, ನನ್ನದು ಎಂದು ನನಗೆ ಗೊತ್ತಿತ್ತು. ಕಾರು ಹಳೆಯದಾದದ್ದರಿಂದ ನಿಂತಿರಲಿಲ್ಲ. ಸಣ್ಣದೊಂದು ಪೈಪಿನ ಹಣ ಉಳಿಸಲು ಹೋದ ಜಿಪುಣತನದಿಂದ ನಿಂತಿತ್ತು.

ಸರಕಾರದ ದೃಷ್ಟಿಯಲ್ಲಿಯೂ ಹಳೆಯ ಕಾರು ಅಪರಾಧಿಯೇ. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. 2018ರಲ್ಲಿ 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 5,000 ಆಯಿತು. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ ಅದನ್ನು 10,000ಕ್ಕೆ ಏರಿಸಲಾಯಿತು. ಇದರ ಮೇಲೆ ಹಸಿರು ತೆರಿಗೆ, ಹೊಗೆ ತಪಾಸಣೆ, ವಿಮೆ. ನನ್ನ ಕಾರಿನ ಇಂದಿನ ಬೆಲೆಯನ್ನೂ ಈ ಖರ್ಚನ್ನೂ ಪಕ್ಕದಲ್ಲಿಟ್ಟು ನೋಡಿದರೆ ನಗು ಬರುತ್ತದೆ.

ಈಚೆಗೆ ಪೆಟ್ರೋಲೂ ಬದಲಾಗಿದೆ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಇಥೆನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ದೊರೆಯಿತು. 2025ರ ಹೊತ್ತಿಗೆ ದೇಶದಲ್ಲೆಲ್ಲ ಅದೇ ಬಂದಿತು. ಇಥೆನಾಲಿನ ಶಾಖಮೌಲ್ಯ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಅದು ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ಬಗೆಯ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ಹೋದ ವರ್ಷ ಪೆಟ್ರೋಲ್ ಪೈಪು ಸೋರತೊಡಗಿದಾಗ ನಮ್ಮ ಮಿಸ್ತ್ರಿ, "ಸರ್, ಗಾಡಿದು ತಪ್ಪಿಲ್ರಿ, ಎಣ್ಣಿದು ತಪ್ಪದ" ಎಂದ. ಅವನ ತೀರ್ಪು ಪೂರ್ತಿ ಸರಿಯೋ ಹೇಗೋ, ಪೈಪನ್ನಂತೂ ಆ ದಿನವೇ ಬದಲಿಸಿದೆ. ಇಥೆನಾಲ್ ಕಬ್ಬು, ಮೆಕ್ಕೆಜೋಳ, ಅಕ್ಕಿಗಳಿಂದ ಬರುತ್ತದೆ. ಅದು ಹಸಿರು ಇಂಧನವೆನ್ನುವವರು ಆ ಬೆಳೆಗಳು ಕುಡಿಯುವ ನೀರಿನ ಲೆಕ್ಕವನ್ನೂ ಕೊಡಬೇಕು. ಮಾನ್ವಿ, ರಾಯಚೂರು ತಾಲ್ಲೂಕುಗಳು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಲ್ಲಿವೆ. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ನಮ್ಮ ರೈತರು ಉಸಿರು ಬಿಗಿಹಿಡಿದು ಕುಳಿತಿದ್ದರು. ನೀರಿನ ಬೆಲೆ ಕೊನೆಯವನಿಗೇ ಚೆನ್ನಾಗಿ ಗೊತ್ತು.

ಹಾಗಾದರೆ ಈ ಕಾರನ್ನು ಗುಜರಿಗೆ ಹಾಕಬೇಕೇ? ಪರಿಸರದ ಮಾತನಾಡುವವರು ಇಲ್ಲಿ ಭಾವನೆಗಿಂತ ಲೆಕ್ಕವನ್ನು ನಂಬಬೇಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ನಾನು ವರ್ಷಕ್ಕೆ 3,000 ಕಿಲೋಮೀಟರ್ ಓಡಿಸುತ್ತೇನೆ. ಲೀಟರಿಗೆ 15 ಕಿಲೋಮೀಟರಿನಂತೆ 200 ಲೀಟರ್ ಬೇಕು. ಲೀಟರಿಗೆ 20 ಕಿಲೋಮೀಟರ್ ಓಡುವ ಹೊಸ ಕಾರು ಕೊಂಡರೆ 50 ಲೀಟರ್, ಎಂದರೆ ವರ್ಷಕ್ಕೆ 115 ಕಿಲೋ ಇಂಗಾಲದ ಡೈಆಕ್ಸೈಡ್ ಉಳಿಯುತ್ತದೆ. ಹೊಸ ಕಾರಿನ ತಯಾರಿಕೆಯಲ್ಲೇ ಹಲವು ಟನ್ ಹೊರಬೀಳುತ್ತದೆ. ಲೆಕ್ಕಕ್ಕೆ ಐದು ಟನ್ ಎಂದಿಟ್ಟುಕೊಂಡರೂ ಅದನ್ನು ತೀರಿಸಲು ನನಗೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕು. ವರ್ಷಕ್ಕೆ 18,000 ಕಿಲೋಮೀಟರ್ ಓಡಿಸುವವರ ಮಾತು ಬೇರೆ. ಅವರಿಗೆ ಏಳೆಂಟು ವರ್ಷ ಸಾಕು. ಕಡಿಮೆ ಓಡುವ ಕಾರನ್ನು ರಿಪೇರಿ ಮಾಡಿ ಬಳಸುವುದು ಲೇಸು. ಬಹಳ ಓಡುವ ಕಾರನ್ನು ಬದಲಿಸುವುದು ಲೇಸು.

ಆದರೆ ಈ ಲೆಕ್ಕದ ಮರೆಯಲ್ಲಿ ನಾನು ಅಡಗಿಕೊಳ್ಳಲಾರೆ. ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ 1995ರ ಏಪ್ರಿಲಿನಿಂದ ಕಡ್ಡಾಯವಾದದ್ದು ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಮಾತ್ರ. ನನ್ನ ಕಾರಿನಲ್ಲಿ ಅದಿಲ್ಲ. ಶಾಲೆಯ ಮುಂದೆ ಎಂಜಿನ್ ಚಾಲೂ ಇಟ್ಟು ನಿಂತರೆ ಮಕ್ಕಳು ಕುಡಿಯುವುದು ನನ್ನ ಹೊಗೆಯನ್ನು. ಆದ್ದರಿಂದ ಕಾರ್ಬುರೇಟರ್ ಟ್ಯೂನಿಂಗನ್ನು ತಪ್ಪಿಸುವುದಿಲ್ಲ, ಪೇಟೆಯೊಳಕ್ಕೆ ಕಾರು ಒಯ್ಯುವುದಿಲ್ಲ, ಬಸ್ಸು ಇರುವೆಡೆಗೆ ಬಸ್ಸಿನಲ್ಲೇ ಹೋಗುತ್ತೇನೆ. ಇಲ್ಲಿಗೂ ಬಸ್ಸಿನಲ್ಲೇ ಬಂದೆ.

ಇನ್ನು ನಾನು ಈ ಸಭೆಗೆ ಬಂದ ಮುಖ್ಯ ಕಾರಣ. ಒಂದು ದಿನ ಗ್ಯಾರೇಜಿನಲ್ಲಿ ಎಂಜಿನ್ ಆಯಿಲ್ ಬದಲಿಸುತ್ತಿದ್ದರು. ಕೆಳಗಿಟ್ಟ ಬೋಗುಣಿ ತುಂಬಿತು. ಹುಡುಗ ಅದನ್ನೆತ್ತಿ ಹಿಂದಿನ ಚರಂಡಿಗೆ ಸುರಿದ. ಚರಂಡಿ ಹಳ್ಳಕ್ಕೆ, ಹಳ್ಳ ಹೊಳೆಗೆ. ನಾನು ನೋಡುತ್ತ ನಿಂತಿದ್ದೆ. ಅಂದು ರಾತ್ರಿ ಲೆಕ್ಕ ಹಾಕಿದೆ: ಪ್ರತಿಸಲ ಸುಮಾರು ಮೂರು ಲೀಟರ್, ವರ್ಷಕ್ಕೆ ಎರಡು ಸಲ, ಇಪ್ಪತ್ತು ವರ್ಷ. ಒಟ್ಟು 120 ಲೀಟರ್. ಪಾಠದಲ್ಲಿ ಜಲಮಾಲಿನ್ಯ ಬೋಧಿಸಿದವನು ಅಷ್ಟೂ ವರ್ಷ ಒಮ್ಮೆಯೂ "ಈ ಎಣ್ಣೆ ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿರಲಿಲ್ಲ. ಆ ಹುಡುಗನನ್ನು ದೂರಲು ನನಗೆ ಯಾವ ಅಧಿಕಾರವಿದೆ?

ಬಳಸಿದ ಎಣ್ಣೆಯಲ್ಲಿ ಲೋಹದ ಕಣಗಳಿರುತ್ತವೆ, ಕ್ಯಾನ್ಸರ್ ತರಬಲ್ಲ ಸಂಯುಕ್ತಗಳಿರುತ್ತವೆ. ಗೆದ್ದಲಿಗೆಂದು ಬೇಲಿಗೂಟಕ್ಕೆ ಬಳಿಯುವುದು ನಮ್ಮಲ್ಲೂ ಉಂಟು, ನಿಮ್ಮಲ್ಲೂ ಉಂಟು. ಮೊದಲ ಮಳೆಗೆ ಅದು ಮಣ್ಣು ಸೇರುತ್ತದೆ. ಕೂಲಂಟ್ ಸಿಹಿಯಾಗಿರುವುದರಿಂದ ನಾಯಿ, ದನಗಳು ನೆಕ್ಕಿ ಸಾಯುತ್ತವೆ. ಬ್ಯಾಟರಿಯಲ್ಲಿ ಸೀಸವೂ ಗಂಧಕಾಮ್ಲವೂ ಇವೆ. ಹಳೆಯ ಬ್ಯಾಟರಿಗಳನ್ನು ಮಾರಾಟಗಾರರು ಹಿಂಪಡೆಯಬೇಕೆಂಬ ನಿಯಮ 2001ರಲ್ಲೇ ಬಂದಿತು; 2022ರ ನಿಯಮಗಳು ಆ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೂ ಬ್ಯಾಟರಿ ಒಡೆದು ಆಮ್ಲವನ್ನು ನೆಲಕ್ಕೆ ಚೆಲ್ಲುವವರು ಇದ್ದಾರೆ.

ತುಂಗೆಯೂ ಭದ್ರೆಯೂ ಹುಟ್ಟುವುದು ನಿಮ್ಮ ಬೆಟ್ಟದ ಗಂಗಾಮೂಲದಲ್ಲಿ. ಕೂಡಲಿಯಲ್ಲಿ ಸೇರಿ, ಮುನಿರಾಬಾದಿನ ಅಣೆಕಟ್ಟು ದಾಟಿ, ಕಾಲುವೆ ಹಿಡಿದು ನಮ್ಮ ಗದ್ದೆಗೆ ಬರುತ್ತವೆ. ಕುದುರೆಮುಖದ ಗಣಿಯಿಂದ ಭದ್ರೆ ಕೆಂಪಾದದ್ದನ್ನು ಕಂಡವರು ನೀವು; 2005ರ ಕೊನೆಗೆ ಆ ಗಣಿ ನಿಲ್ಲುವವರೆಗೂ ದನಿಯೆತ್ತಿದವರು ನಿಮ್ಮವರು. ಕಾರೆಂದರೆ ಬಹುಪಾಲು ಉಕ್ಕು, ಉಕ್ಕೆಂದರೆ ಅದಿರು, ಅದಿರೆಂದರೆ ಯಾವುದೋ ಬೆಟ್ಟ. ಇರುವ ಬಂಡಿಯನ್ನು ಜೋಪಾನವಾಗಿ ಹೆಚ್ಚು ಕಾಲ ಬಳಸಿದರೆ ಬೆಟ್ಟದ ಮೇಲಿನ ಹೊರೆ ಅಷ್ಟು ಕಡಿಮೆ. ಆದರೆ ಅದರ ಎಣ್ಣೆಯನ್ನು ಹಳ್ಳಕ್ಕೆ ಬಿಟ್ಟರೆ ಆ ಪುಣ್ಯವೆಲ್ಲ ತೊಳೆದುಹೋಗುತ್ತದೆ.

ಈಗ ನಮ್ಮ ಮಿಸ್ತ್ರಿಯ ಶೆಡ್ಡಿನಲ್ಲಿ ಮುಚ್ಚಳವಿರುವ ಒಂದು ಡ್ರಮ್ಮು ಇದೆ. ನಾನೂ ಇನ್ನೂ ನಾಲ್ವರೂ ಸೇರಿ ತಂದುಕೊಟ್ಟದ್ದು. ತುಂಬಿದಾಗ, ಬಳಸಿದ ಎಣ್ಣೆ ಶುದ್ಧೀಕರಿಸಲು ಪರವಾನಗಿ ಪಡೆದವರಿಗೆ ಕಳುಹಿಸುತ್ತೇವೆ. ಅವನಿಗೆ ನಾಲ್ಕು ಕಾಸೂ ಸಿಗುತ್ತದೆ. ಉಪದೇಶಕ್ಕಿಂತ ಡ್ರಮ್ಮು ಹೆಚ್ಚು ಕೆಲಸ ಮಾಡಿತೆಂದು ಒಪ್ಪಿಕೊಳ್ಳುತ್ತೇನೆ.

ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ನಿಮ್ಮೂರಿನಲ್ಲಿ ಎಷ್ಟು ಗ್ಯಾರೇಜುಗಳಿವೆ, ಅವುಗಳ ಕರಿ ಎಣ್ಣೆ ಎಲ್ಲಿಗೆ ಹೋಗುತ್ತಿದೆ ಎಂದು ಈ ರಜೆಯಲ್ಲಿ ಕೇಳಿ ಬರೆದುಕೊಳ್ಳಿರಿ. ಮಿಸ್ತ್ರಿಗಳ ಮೇಲೆ ತಪ್ಪು ಹೊರಿಸಬೇಡಿರಿ, ಅವರೊಡನೆ ಕುಳಿತು ಮಾತನಾಡಿರಿ. ಹಿರಿಯರಲ್ಲಿಯೂ ಒಂದು ಕೋರಿಕೆ. ಜೀಪಿನ ಹೋಸ್ ಪೈಪು ಬಿರುಕು ಬಿಟ್ಟಿದ್ದರೆ ನಾಳೆಯೇ ಬದಲಿಸಿರಿ. ನೀವು ಹೊಳೆಯ ತಲೆಯಲ್ಲಿದ್ದೀರಿ, ನಾವು ಕೊನೆಯಲ್ಲಿದ್ದೇವೆ. ನೀವು ಕಾಪಾಡಿದ ನೀರನ್ನು ನಾವು ಕುಡಿಯುತ್ತೇವೆ.