ಕಾಣುವುದೂ ಓದುವುದೂ

ವಿಜಯನಗರದ ನಿಲ್ದಾಣದಲ್ಲಿ ಬಸ್ಸಿನ ಹಲಗೆಯ ಮೇಲೆ ‘ಕೆಂಗೇರಿ’ ಎಂಬುದನ್ನು ನಾವು ಕಾಣುತ್ತೇವೆ. ಮಿದುಳಿನ ಹಿಂಭಾಗದಲ್ಲಿರುವ ದೃಷ್ಟಿಕೇಂದ್ರಕ್ಕೆ ಅದು ಬರಿಯ ಗೆರೆ. ಆ ಗೆರೆಗೆ ಧ್ವನಿಯನ್ನೂ ಅರ್ಥವನ್ನೂ ಹಿಂದಿನ ಪಯಣದ ನೆನಪನ್ನೂ ಕೂಡಿಸುವುದು, ಮಿದುಳಿನ ಹೊರಪದರದ ಬಹುಪಾಲನ್ನು ಆವರಿಸಿರುವ ಸಂಯೋಜಕ ಪ್ರದೇಶ. ಇವೆರಡರ ನಡುವಣ ದಾರಿ ಕಡಿದುಹೋದರೆ ಆಗುವುದು ವಿಚಿತ್ರ. 1892ರಲ್ಲಿ ಫ್ರಾನ್ಸಿನ ದೆಜೆರೀನ್ ಎಂಬ ವೈದ್ಯರು ವರ್ಣಿಸಿದ ರೋಗಿಯು ಅಕ್ಷರಗಳನ್ನು ಕಾಣಬಲ್ಲವನಾಗಿದ್ದನು, ಬರೆಯಲೂ ಬಲ್ಲವನಾಗಿದ್ದನು. ತಾನೇ ಬರೆದುದನ್ನು ಮಾತ್ರ ಓದಲಾರದೆ ಹೋದನು!

ರಾಜಾಜಿನಗರದ ಮನೆಯೊಂದರಲ್ಲಿ ಹಿರಿಯರಿಗೆ ಬೆಳಗಿನ ಪತ್ರಿಕೆ ಹಠಾತ್ತನೆ ಓದಲಾಗದೆ ಹೋಯಿತೆನ್ನೋಣ. ಕನ್ನಡಕದಂಗಡಿಗೆ ಕರೆದೊಯ್ಯುವುದು ನಮ್ಮವರ ವಾಡಿಕೆ. ಆದರೆ ಕಟ್ಟಿರುವುದು ಮಿದುಳಿನ ರಕ್ತನಾಳವಾಗಿರಬಹುದು. ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ 4½ ಗಂಟೆಗಳೊಳಗೆ ಕೊಡಬೇಕು. ಆದುದರಿಂದ ತೊಂದರೆ ತೋರಿದ ಹೊತ್ತನ್ನು ಗುರುತಿಟ್ಟುಕೊಂಡು, ಮಿದುಳಿನ ಚಿತ್ರ ತೆಗೆಯುವ ಸೌಕರ್ಯವುಳ್ಳ ಆಸ್ಪತ್ರೆಗೆ ಒಡನೆಯೇ ಧಾವಿಸತಕ್ಕದ್ದು. ವೈದ್ಯರು ಮೊದಲು ಕೇಳುವುದು ಆ ಹೊತ್ತನ್ನೇ.